ತಲೆಯೊಳಗಿನ ವಿಕೆಟ್ ಮೊದಲು ಕೀಳಿ: ಬೇಸ್‌ಬಾಲ್ ಆಡುವವರಿಗೆ, ಆಡಿಸುವವರಿಗೆ ಮನಸ್ಸಿನ ತಾಲೀಮು

ಮಂಡ್ಯದಲ್ಲಿ ಬೇಸ್‌ಬಾಲ್ ಹೇಳಿಕೊಡುತ್ತೇನೆ ಅಂದರೆ ಜನ ಕೇಳುವ ಮೊದಲ ಪ್ರಶ್ನೆ, ‘ಕ್ರಿಕೆಟ್ ಥರಾನೇ ಅಲ್ವಾ?’ ಮೊದಮೊದಲು ಹೌದು ಅಂತ ತಲೆಯಾಡಿಸುತ್ತಿದ್ದೆ. ಈಗ ಇಲ್ಲ. ನಮ್ಮ ಹುಡುಗರು ಈ ಆಟದಲ್ಲಿ ಪಡುವ ಪಾಡಿಗೆಲ್ಲ ಆ ‘ಥರಾನೇ’ ಅನ್ನುವ ಮಾತೇ ಮೂಲ. ಕೈಕಾಲು ಬೇಗ ಒಗ್ಗುತ್ತವೆ. ಎಸೆಯುವುದು ಗೊತ್ತು, ಹಿಡಿಯುವುದು ಗೊತ್ತು, ಓಡುವುದು ಗೊತ್ತು. ಒಗ್ಗದೇ ಇರುವುದು ತಲೆ. ಅದರೊಳಗೆ ಮೂರು ಸ್ಟಂಪ್ ನೆಟ್ಟುಕೊಂಡು ಕೂತಿವೆ. ಬ್ಯಾಟ್ ಕೈಗೆ ಬಂದ ತಕ್ಷಣ ಅವನ್ನು ಕಾಯುವುದಕ್ಕೆ ನಿಲ್ಲುತ್ತಾರೆ. ಬೇಸ್‌ಬಾಲ್‌ನಲ್ಲಿ ಕಾಯುವುದಕ್ಕೆ ಏನೂ ಇಲ್ಲ ಮಾರಾಯ್ರೆ.

ನಾನು ಮನಶ್ಶಾಸ್ತ್ರ ಓದಿದವನಲ್ಲ. ಕೆಲಸ ಮುಗಿಸಿ ಸಂಜೆ ಹೊತ್ತು ಕಾಲೇಜು ಹುಡುಗರನ್ನು ಆಡಿಸುವವನು. ನಮಗೆ ಸರಿಯಾದ ಮೌಂಡ್, ಅಂದರೆ ಚೆಂಡು ಎಸೆಯುವವನು (ಪಿಚರ್) ನಿಲ್ಲುವ ಮಣ್ಣಿನ ದಿಬ್ಬ, ಇಲ್ಲ. 60 ಅಡಿ 6 ಇಂಚಿನ ಹಗ್ಗ ಹಿಡಿದು ಅಳೆದು, ಮಣ್ಣು ಸುರಿದು, ತುಳಿದು ಗಟ್ಟಿ ಮಾಡಿಕೊಂಡಿದ್ದೇವೆ. ಮಳೆ ಬಂದರೆ ಮತ್ತೆ ಮೊದಲಿನಿಂದ. ಇಲ್ಲಿ ಬರೆದಿರುವುದರಲ್ಲಿ ಒಂದಷ್ಟು ದೊಡ್ಡವರು ಮಾಡಿ ತೋರಿಸಿದ್ದು. ಉಳಿದದ್ದು ನಾನು ಎಡವಿ ಕಲಿತದ್ದು.

ಹಂತ 1: ಲೆಕ್ಕ ಇಡುವ ರೀತಿ ಬದಲಾಯಿಸಿ

ಕ್ರಿಕೆಟ್‌ನಲ್ಲಿ ಔಟ್ ಅಂದರೆ ಮುಗಿಯಿತು. ಹಳ್ಳಿ ಟೂರ್ನಮೆಂಟ್‌ನಲ್ಲಂತೂ ಮೊದಲ ಚೆಂಡಿಗೆ ಔಟಾದವನು ಇಡೀ ದಿನ ಮರದ ಕೆಳಗೆ ಕೂತು ಸ್ಕೋರ್ ಬರೆಯಬೇಕು. ಬೇಸ್‌ಬಾಲ್‌ನಲ್ಲಿ ಹಾಗಲ್ಲ. ಒಂಬತ್ತು ಜನರ ಸಾಲು ಸುತ್ತಿ ಬಂದ ಮೇಲೆ ಮತ್ತೆ ನಿಮ್ಮ ಸರದಿ. ಪೂರ್ತಿ 9 ಇನ್ನಿಂಗ್ಸ್ ಆದರೆ ಒಬ್ಬನಿಗೆ ಸಾಮಾನ್ಯವಾಗಿ ನಾಲ್ಕು ಸಲ ಅವಕಾಶ. ಆ ನಾಲ್ಕರಲ್ಲಿ ಮೂರು ಸಲ ಔಟಾದರೂ ನೀವು ಕೆಟ್ಟ ಆಟಗಾರ ಅಲ್ಲ.

ಅಮೆರಿಕದ ಮೇಜರ್ ಲೀಗ್‌ನಲ್ಲಿ 10ಕ್ಕೆ 3 ಸಲ ಹಿಟ್ ಹೊಡೆಯುವವನು, ಅಂದರೆ ಚೆಂಡು ಹೊಡೆದು ಔಟಾಗದೆ ಬೇಸ್ (ಓಡಿ ಮುಟ್ಟಬೇಕಾದ ಮೂಲೆ) ಸೇರುವವನು, ಸ್ಟಾರ್. ಅದರ ಇವತ್ತಿನ ಎರಡು ಲೀಗ್‌ಗಳಲ್ಲಿ (ಅಮೆರಿಕನ್, ನ್ಯಾಷನಲ್) 10ಕ್ಕೆ 4ರ ಮಟ್ಟವನ್ನು ಇಡೀ ಸೀಸನ್ ಉಳಿಸಿಕೊಂಡ ಕೊನೆಯವನು ಟೆಡ್ ವಿಲಿಯಮ್ಸ್, ಅದೂ 1941ರಲ್ಲಿ. ಆ ವರ್ಷದ ಕೊನೆಯ ದಿನದ ಕಥೆಯನ್ನು ನಾನು ಪ್ರತಿ ಹೊಸ ಬ್ಯಾಚ್‌ಗೂ ಹೇಳುತ್ತೇನೆ. ಬೆಳಿಗ್ಗೆ ಅವನ ಸರಾಸರಿ .39955. ದಶಮಾಂಶ ದುಂಡಗೆ ಮಾಡಿದರೆ .400. ಸುಮ್ನೆ ಬೆಂಚ್ ಮೇಲೆ ಕೂತಿದ್ದರೂ ದಾಖಲೆ ಅವನದೇ. ಅವನು ಕೂರಲಿಲ್ಲ. ಅವತ್ತಿನ ಎರಡೂ ಮ್ಯಾಚ್ ಆಡಿದ, 8ಕ್ಕೆ 6 ಹೊಡೆದ, .406ಕ್ಕೆ ಮುಗಿಸಿದ. ಈ ಕಥೆ ಕೇಳಿದ ಹುಡುಗರು ಸಾಮಾನ್ಯವಾಗಿ ಹೇಳುವುದು, ‘ಸಾರ್, ನಾನಾಗಿದ್ರೆ ಕೂತ್ಕೋತಿದ್ದೆ’. ಇದೇ ನಾನು ಹೇಳಿದ ವಿಕೆಟ್.

ಈಗ ಕೆಲಸದ ವಿಷಯ. ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಮ್ಯಾಚ್ ಆದ ಮೇಲೆ ಹಿಟ್, ರನ್ ಏನೂ ಬರೆಯಬೇಡಿ, ಅವನ್ನು ಸ್ಕೋರರ್ ಹೇಗೂ ಬರೆದಿರುತ್ತಾನೆ. ಪ್ರತಿ ಸರದಿಗೂ ಮೂರೇ ಪ್ರಶ್ನೆ: ಎಂಥ ಚೆಂಡಿಗೆ ಹೊಡೆಯಬೇಕು ಅಂತ ಮೊದಲೇ ತೀರ್ಮಾನ ಮಾಡಿದ್ದೆನಾ? ಅಂಥ ಚೆಂಡಿಗೇ ಬ್ಯಾಟ್ ಬೀಸಿದೆನಾ? ಒಂದು ಎಸೆತಕ್ಕೂ ಇನ್ನೊಂದಕ್ಕೂ ನಡುವೆ ಉಸಿರು ತೆಗೆದುಕೊಂಡೆನಾ? ಹೌದಾದರೆ ಟಿಕ್. ಚೆಂಡು ಸರಿಯಾಗಿ ಬಡಿದು ನೇರ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವಿನ ಫೀಲ್ಡರ್) ಗ್ಲೌಸ್‌ಗೆ ಹೋದರೂ ಟಿಕ್. ಕಣ್ಣು ಮುಚ್ಚಿ ಬೀಸಿ, ಚೆಂಡು ಬ್ಯಾಟಿನ ತುದಿಗೆ ತಗುಲಿ ಎಲ್ಲೋ ಬಿದ್ದು ಹಿಟ್ ಆಯಿತಾ? ಟಿಕ್ ಇಲ್ಲ. ಈ ಎರಡನೆಯದಕ್ಕೆ ಹುಡುಗರು ಜಗಳಕ್ಕೇ ಬರುತ್ತಾರೆ. ಬರಲಿ.

ಹಂತ 2: ಏಳು ಸೆಕೆಂಡಿನ ಕೆಲಸ

ಮೇಜರ್ ಲೀಗ್‌ನಲ್ಲಿ 2023ರಿಂದ ಗಡಿಯಾರ ಇಟ್ಟಿದ್ದಾರೆ. ಬೇಸ್‌ಗಳು ಖಾಲಿ ಇದ್ದರೆ ಪಿಚರ್ 15 ಸೆಕೆಂಡಿನೊಳಗೆ ಎಸೆಯಬೇಕು. ಅದರಲ್ಲಿ 8 ಸೆಕೆಂಡ್ ಉಳಿದಿರುವಾಗಲೇ ಬ್ಯಾಟರ್ ಸಿದ್ಧನಾಗಿ ನಿಂತಿರಬೇಕು. ಅಂದರೆ ಹಿಂದಿನ ಎಸೆತವನ್ನು ಮರೆತು ಮುಂದಿನದಕ್ಕೆ ತಯಾರಾಗಲು ಅವನಿಗೆ ಸಿಗುವುದು ಏಳು ಸೆಕೆಂಡ್. ನಮ್ಮ ಮೈದಾನದಲ್ಲಿ ಗಡಿಯಾರ ಇಲ್ಲ. ಆದರೂ ಏಳು ಸೆಕೆಂಡಿಗೆ ಹೊಂದುವ ಒಂದು ಪದ್ಧತಿ ಕಟ್ಟಿಕೊಳ್ಳಿ. ಜಾಸ್ತಿ ಸಮಯ ಸಿಕ್ಕರೆ ತಲೆ ಬೇಡದ್ದನ್ನೆಲ್ಲ ಯೋಚಿಸುತ್ತದೆ.

ನಮ್ಮಲ್ಲಿ ಒಬ್ಬ ಎಡಗೈ ಹುಡುಗ ಇದ್ದಾನೆ, ಕಬ್ಬಿನ ಗದ್ದೆ ಮನೆಯವನು. ಅವನು ಮಾಡುವುದನ್ನು ನೋಡಿ. ಎಸೆತ ಮುಗಿದ ತಕ್ಷಣ ಹಿಂದಿನ ಕಾಲು ಬಾಕ್ಸ್‌ನಿಂದ (ಬ್ಯಾಟರ್ ನಿಲ್ಲುವ ಚೌಕದಿಂದ) ಆಚೆ ಇಡುತ್ತಾನೆ. ಬಗ್ಗಿ ಒಂದು ಚಿಟಿಕೆ ಮಣ್ಣು ಎತ್ತಿ ಉದುರಿಸುತ್ತಾನೆ. ಆ ಮಣ್ಣಿನ ಜೊತೆ ಹಿಂದಿನ ಎಸೆತವೂ ಹೋಯಿತು ಅಂತ ಲೆಕ್ಕ. ಬ್ಯಾಟ್ ಮೇಲೆ ಅರ್ಧ ಅಳಿಸಿಹೋದ ಲೇಬಲ್ ಇದೆ, ಅದರ ಒಂದೇ ಒಂದು ಅಕ್ಷರವನ್ನು ದಿಟ್ಟಿಸಿ ನೋಡುತ್ತಾನೆ. ಮೂಗಿನಲ್ಲಿ ಉಸಿರು ಒಳಗೆ, ಬಾಯಲ್ಲಿ ನಿಧಾನ ಹೊರಗೆ, ಹೊರಗೆ ಬಿಡುವುದು ಒಳಗೆ ಎಳೆದದ್ದಕ್ಕಿಂತ ಉದ್ದ. ಭುಜ ಇಳಿಯುತ್ತದೆ. ಕಾಲು ಒಳಗೆ. ಅಷ್ಟೇ. ಇಷ್ಟಕ್ಕೇ ಆರೇಳು ಸೆಕೆಂಡ್.

ಪದ್ಧತಿ ನಿಮ್ಮದೇ ಇರಲಿ. ಜಪಾನಿನ ಇಚಿರೊ ಸುಜುಕಿ ಪ್ರತಿ ಸಲವೂ ಬ್ಯಾಟನ್ನು ಪಿಚರ್ ಕಡೆಗೆ ನೆಟ್ಟಗೆ ಹಿಡಿದು, ಇನ್ನೊಂದು ಕೈಯಲ್ಲಿ ತೋಳು ಎಳೆದುಕೊಳ್ಳುತ್ತಿದ್ದ. 2004ರಲ್ಲಿ ಒಂದೇ ಸೀಸನ್‌ನಲ್ಲಿ 262 ಹಿಟ್ ಹೊಡೆದವನು. ಅದನ್ನು ಯೂಟ್ಯೂಬ್‌ನಲ್ಲಿ ನೋಡಿ ಹಾಗೇ ನಕಲು ಮಾಡುವವರು ನಮ್ಮಲ್ಲೂ ಇದ್ದಾರೆ. ತೋಳು ಎಳೆದುಕೊಂಡರೆ ಹಿಟ್ ಬರುವುದಿಲ್ಲ. ಪ್ರತಿ ಸಲ ಒಂದೇ ಥರ ಮಾಡುವುದರಲ್ಲಿ ಗುಟ್ಟಿದೆ. ಎರಡು ಸ್ಟ್ರೈಕ್ ಆದಾಗ (ಮೂರನೆಯದಕ್ಕೆ ಔಟ್), ಅಂಪೈರ್ ತಪ್ಪು ಕೊಟ್ಟಾಗ, ಹೊಟ್ಟೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಆಗುತ್ತಿರುವಾಗಲೂ ಅದೇ ಆರೇಳು ಸೆಕೆಂಡ್.

ಉಸಿರಾಟವನ್ನು ಮ್ಯಾಚ್ ದಿನ ಕಲಿಯಲು ಆಗುವುದಿಲ್ಲ. ನಾನು ಹುಡುಗರಿಗೆ ಬಸ್‌ನಲ್ಲಿ ಮಾಡಿ ಅನ್ನುತ್ತೇನೆ. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟುವ ತನಕ ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ. ಹಿಂದಿನ ಸೀಟಿನಲ್ಲಿ ಯಾರೋ ಜೋರಾಗಿ ರೀಲ್ಸ್ ಹಾಕಿಕೊಂಡಿರುತ್ತಾರೆ. ಅದೂ ಒಳ್ಳೆಯದೇ. ಗಲಾಟೆಯಲ್ಲೂ ಎಣಿಕೆ ತಪ್ಪದಿದ್ದರೆ ಮೈದಾನದಲ್ಲೂ ತಪ್ಪುವುದಿಲ್ಲ.

ಹಂತ 3: ಕಣ್ಣಿಗೆ ಕೆಲಸ ಕೊಡಿ

ಇಲ್ಲಿ ಒಂದು ಮಾತು: ಬೇಸ್‌ಬಾಲ್‌ನಲ್ಲಿ ಪಿಚ್ ಅಂದರೆ ನೆಲ ಅಲ್ಲ, ಎಸೆತ. ಹೊಸಬರು ವಾರಗಟ್ಟಲೆ ಗೊಂದಲ ಮಾಡಿಕೊಳ್ಳುತ್ತಾರೆ.

ಕ್ರಿಕೆಟ್ ಆಡಿದವನ ಕಣ್ಣು ಚೆಂಡು ನೆಲಕ್ಕೆ ಬೀಳುವ ಜಾಗ ಹುಡುಕುತ್ತದೆ. ಬಿದ್ದ ಮೇಲೆ ತೀರ್ಮಾನ. ಇಲ್ಲಿ ಚೆಂಡು ಬೀಳುವುದೇ ಇಲ್ಲ. ಗಂಟೆಗೆ 145 ಕಿಲೋಮೀಟರ್ ವೇಗದ ಎಸೆತ ಪಿಚರ್ ಕೈಬಿಟ್ಟು ಹೋಮ್ ಪ್ಲೇಟ್ (ಬ್ಯಾಟರ್ ಪಕ್ಕದ ಬಿಳಿ ಹಲಗೆ) ಮುಟ್ಟಲು ಸುಮಾರು 0.4 ಸೆಕೆಂಡ್ ಸಾಕು. ನಮ್ಮ ಹುಡುಗರು 100ರ ಆಸುಪಾಸು ಎಸೆದರೂ ಅರ್ಧ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಚೆಂಡು ಅರ್ಧ ದಾರಿ ಬರುವುದರೊಳಗೆ ಬೀಸಬೇಕೋ ಬೇಡವೋ ಅಂತ ತೀರ್ಮಾನ ಆಗಿರಬೇಕು. ಅಷ್ಟರಲ್ಲಿ ಯೋಚನೆಗೆ ಜಾಗ ಎಲ್ಲಿದೆ? ಅದಕ್ಕೇ ಯೋಚನೆಯನ್ನು ಬಾಕ್ಸ್‌ನ ಹೊರಗೇ ಮುಗಿಸಿ ಬರಬೇಕು. ‘ಸೊಂಟದ ಎತ್ತರ, ನನ್ನ ಮೈ ಕಡೆಯ ಅರ್ಧ. ಅಲ್ಲಿ ಬಂದರೆ ಹೊಡೆಯುತ್ತೇನೆ, ಇಲ್ಲದಿದ್ದರೆ ಬಿಡುತ್ತೇನೆ.’ ಇಷ್ಟು ಸಾಕು. ಎರಡು ಸ್ಟ್ರೈಕ್ ಆದ ಮೇಲೆ ಆ ಜಾಗವನ್ನು ದೊಡ್ಡದು ಮಾಡಿಕೊಳ್ಳಿ.

ಬಾಕ್ಸ್ ಒಳಗೆ ಬಂದ ಮೇಲೆ ಕಣ್ಣಿಗೆ ಎರಡೇ ಜಾಗ. ಮೊದಲು ಪಿಚರ್‌ನ ಟೋಪಿಯನ್ನು ಸುಮ್ನೆ, ಮೆತ್ತಗೆ ನೋಡುತ್ತಿರಿ. ಅವನ ಕೈ ಎದ್ದಾಗ ಚೆಂಡು ಬಿಡುವ ಜಾಗಕ್ಕೆ ನೋಟವನ್ನು ಚುರುಕಾಗಿ ದಾಟಿಸಿ. ಮೊದಲಿನಿಂದಲೂ ಕೈಯನ್ನೇ ದಿಟ್ಟಿಸುತ್ತಿದ್ದರೆ ಚೆಂಡು ಬರುವ ಹೊತ್ತಿಗೆ ಕಣ್ಣು ದಣಿದಿರುತ್ತದೆ.

ಇದಕ್ಕೆ ಖರ್ಚಿಲ್ಲದ ಅಭ್ಯಾಸ ಇದೆ. ನಿಮ್ಮ ಪಿಚರ್ ಅಭ್ಯಾಸ ಮಾಡುವಾಗ ಹೆಲ್ಮೆಟ್ ಹಾಕಿ ಬಾಕ್ಸ್‌ನಲ್ಲಿ ನಿಲ್ಲಿ. ಬ್ಯಾಟ್ ಬೀಸಬೇಡಿ. ಚೆಂಡು ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಹಿಡಿಯುವವನು) ಗ್ಲೌಸ್‌ಗೆ ಬೀಳುವ ಮೊದಲೇ ‘ಸ್ಟ್ರೈಕ್’ (ಹೊಡೆಯಬೇಕಾದ ಜಾಗದೊಳಗೆ ಬಂದದ್ದು) ಅಥವಾ ‘ಬಾಲ್’ (ಅದರಾಚೆ ಹೋದದ್ದು) ಅಂತ ಜೋರಾಗಿ ಹೇಳಿ. ಇಪ್ಪತ್ತು ಎಸೆತ. ಎಷ್ಟು ಸರಿ ಅಂತ ಕ್ಯಾಚರ್ ಎಣಿಸಲಿ. ಅದು ಬೇಜಾರಾದರೆ ಟೆನಿಸ್ ಚೆಂಡುಗಳ ಮೇಲೆ ಮಾರ್ಕರ್‌ನಲ್ಲಿ 1, 2, 3 ಅಂತ ದಪ್ಪಗೆ ಬರೆದು ಎಸೆಸಿ, ಅಂಕಿ ಕೂಗಿ. ಪಾಪ, ಮೊದಲ ದಿನ ಎಲ್ಲರೂ ಊಹೆ ಮಾಡುತ್ತಾರೆ. ಎರಡು ವಾರ ಆದ ಮೇಲೆ ಚೆಂಡು ನಿಧಾನವಾದ ಹಾಗೆ ಅನ್ನಿಸುತ್ತದೆ ಅಂತ ಅವರೇ ಹೇಳುತ್ತಾರೆ.

ಹಂತ 4: ತಲೆಯೊಳಗೆ ಕನ್ನಡದಲ್ಲೇ ಮಾತಾಡಿ

‘ಫೋಕಸ್’, ‘ಕಾನ್ಸಂಟ್ರೇಟ್’ ಅಂತ ಕೋಚ್‌ಗಳು ಕೂಗುತ್ತೇವೆ. ಹುಡುಗನ ಒಳಗೆ ಓಡುತ್ತಿರುವುದು ‘ಅಯ್ಯೋ, ಔಟಾದ್ರೆ ಏನಪ್ಪಾ’ ಅನ್ನುವ ಕನ್ನಡ. ಅದಕ್ಕೆ ಉತ್ತರವೂ ಕನ್ನಡದಲ್ಲೇ ಇರಬೇಕು, ಚಿಕ್ಕದಾಗಿರಬೇಕು, ಮಾಡಬೇಕಾದ್ದನ್ನು ಹೇಳಬೇಕು. ‘ಔಟ್ ಆಗ್ಬೇಡ’ ಅಂದರೆ ತಲೆಗೆ ಕೇಳಿಸುವುದು ಔಟ್ ಒಂದೇ. ‘ನೋಡು, ಬಿಡು’ ಅನ್ನಿ. ‘ಮೆತ್ತಗೆ ಹಿಡಿ’ ಅನ್ನಿ. ಬ್ಯಾಟನ್ನು ಕುತ್ತಿಗೆ ಹಿಸುಕುವ ಹಾಗೆ ಹಿಡಿಯುವ ಒಬ್ಬನಿಗೆ ನಾನು ಕೊಟ್ಟ ಪದ ‘ಕೋಳಿಮರಿ’. ಸಡಿಲ ಬಿಟ್ಟರೆ ಓಡಿಹೋಗುತ್ತದೆ, ಅಮುಕಿದರೆ ಸಾಯುತ್ತದೆ. ಅವನು ಈಗ ಬಾಕ್ಸ್‌ಗೆ ಹೋಗುವಾಗ ಡಗೌಟ್‌ನಿಂದ ಎಲ್ಲರೂ ‘ಕೊಕ್ಕೊಕ್ಕೋ’ ಅನ್ನುತ್ತಾರೆ. ಎದುರಾಳಿಗಳಿಗೆ ಏನೂ ಅರ್ಥ ಆಗುವುದಿಲ್ಲ.

ಹಂತ 5: ಫೀಲ್ಡಿಂಗ್‌ನಲ್ಲಿ ನಿದ್ದೆ ಬರದ ಹಾಗೆ

ಇದು ಸುಲಭ, ಬೇಗ ಹೇಳಿಬಿಡುತ್ತೇನೆ. ಪ್ರತಿ ಎಸೆತಕ್ಕೂ ಮೊದಲು ಮೂರು ಸಂಗತಿ ಬಾಯಿಬಿಟ್ಟು ಹೇಳಿಕೊಳ್ಳಿ: ಎಷ್ಟು ಔಟ್, ಯಾವ ಬೇಸ್‌ನಲ್ಲಿ ಯಾರಿದ್ದಾರೆ, ಚೆಂಡು ನನಗೇ ಬಂದರೆ ಎಲ್ಲಿಗೆ ಎಸೆಯುತ್ತೇನೆ. ಎಸೆತ ಮುಗಿದ ಮೇಲೆ ಗಮನ ಪೂರ್ತಿ ಸಡಿಲ ಬಿಡಿ. ಎರಡು ಗಂಟೆ ಒಂದೇ ಸಮನೆ ಗಮನ ಇಡಲು ಯಾರಿಂದಲೂ ಆಗುವುದಿಲ್ಲ, ಋಷಿಗಳಿಗೂ ಕಷ್ಟ. ಐದು ಸೆಕೆಂಡ್ ಇಟ್ಟು, ಹತ್ತು ಸೆಕೆಂಡ್ ಬಿಟ್ಟು, ಮತ್ತೆ ಐದು ಸೆಕೆಂಡ್ ಇಡಬಹುದು.

ತಪ್ಪು ಆದಾಗ? ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ಕೆನ್ ರವೀಝಾ ಅಂತ ಕ್ರೀಡಾ ಮನಶ್ಶಾಸ್ತ್ರಜ್ಞ ಇದ್ದರು. ಆಟಗಾರರ ಡಗೌಟ್‌ಗೆ ಒಂದು ಪುಟಾಣಿ ಆಟಿಕೆ ಟಾಯ್ಲೆಟ್ ತಂದಿಟ್ಟವರು. ತಪ್ಪು ಮಾಡಿದವನು ಬಂದು ಫ್ಲಶ್ ಮಾಡಬೇಕು, ಮುಗಿಯಿತು. ನಮ್ಮ ಹುಡುಗರಿಗೆ ಅದು ಕೇಳಿ ನಗು ತಡೆಯಲಾಗಲಿಲ್ಲ. ಆಟಿಕೆ ಸಿಗಲಿಲ್ಲ, ಹಳೇ ಪೇಂಟ್ ಡಬ್ಬ ಇಟ್ಟೆವು. ತಪ್ಪಾದರೆ ಒಂದು ಕಲ್ಲು ಎತ್ತಿ ಅದಕ್ಕೆ ಹಾಕು. ಠಣ್ ಅಂತ ಸದ್ದು ಬಂದ ಮೇಲೆ ಆ ವಿಷಯ ಯಾರೂ ಎತ್ತುವಂತಿಲ್ಲ, ಕೋಚ್ ಕೂಡ.

ಹಂತ 6: ಕೈ ಕಟ್ಟಿಹೋದರೆ

ಈ ಭಾಗ ಬರೆಯುವುದು ನನಗೆ ಕಷ್ಟ. ತಪ್ಪು ನನ್ನದು.

ಒಮ್ಮೆ ಮೈಸೂರಿನಲ್ಲಿ ಮ್ಯಾಚ್. ನಮ್ಮ ಕ್ಯಾಚರ್ ಒಳ್ಳೆ ಹುಡುಗ, ಮಾತು ಕಡಿಮೆ. ಚೆಂಡನ್ನು ಪಿಚರ್‌ಗೆ ವಾಪಸ್ ಕೊಡುವಾಗ ಕೈತಪ್ಪಿ ಅವನ ತಲೆ ಮೇಲಿಂದ ಹೋಯಿತು. ಮೂರನೇ ಬೇಸ್‌ನಲ್ಲಿದ್ದವನು ಓಡಿ ರನ್ ಮಾಡಿದ. ನಾನು ಡಗೌಟ್‌ನಿಂದ ಎದ್ದು, ಎಲ್ಲರ ಮುಂದೆ, ಎದುರು ತಂಡಕ್ಕೂ ಕೇಳುವ ಹಾಗೆ ಕೂಗಿದೆ. ಏನು ಅಂದೆ ಅಂತ ಇಲ್ಲಿ ಬರೆಯುವುದಿಲ್ಲ. ಮುಂದಿನ ವಾರದಿಂದ ಅವನಿಗೆ ವಾಪಸ್ ಎಸೆಯುವುದೇ ಆಗಲಿಲ್ಲ. ಕೈ ಎತ್ತುತ್ತಾನೆ, ನಿಲ್ಲಿಸುತ್ತಾನೆ, ಮತ್ತೆ ಎತ್ತುತ್ತಾನೆ, ಚೆಂಡು ಮೌಂಡ್ ಮುಂದೆ ಬೀಳುತ್ತದೆ. ಎರಡನೇ ಬೇಸ್‌ಗೆ, ಅಷ್ಟು ದೂರಕ್ಕೆ, ಗುಂಡಿನ ಹಾಗೆ ಎಸೆಯುತ್ತಾನೆ. ಪಿಚರ್‌ಗೆ ಮಾತ್ರ ಆಗದು.

ಇದನ್ನು ಅಮೆರಿಕದಲ್ಲಿ ಯಿಪ್ಸ್ ಅನ್ನುತ್ತಾರೆ. ದೊಡ್ಡವರನ್ನೂ ಬಿಟ್ಟಿಲ್ಲ. ಸೇಂಟ್ ಲೂಯಿಸ್ ತಂಡದ ರಿಕ್ ಏಂಕಿಯಲ್ 2000ದ ಪ್ಲೇಆಫ್‌ನಲ್ಲಿ, 21ನೇ ವಯಸ್ಸಿನಲ್ಲಿ, ಒಂದೇ ಇನ್ನಿಂಗ್ಸ್‌ನಲ್ಲಿ ಐದು ವೈಲ್ಡ್ ಪಿಚ್ (ಕ್ಯಾಚರ್‌ಗೂ ಹಿಡಿಯಲಾಗದಷ್ಟು ದಾರಿ ತಪ್ಪಿದ ಎಸೆತ) ಎಸೆದ. ಪಿಚರ್ ಆಗಿ ಮತ್ತೆ ಮೊದಲಿನಂತೆ ಆಗಲೇ ಇಲ್ಲ. ಕೊನೆಗೆ ಪಿಚಿಂಗ್ ಬಿಟ್ಟು 2007ರಲ್ಲಿ ಔಟ್‌ಫೀಲ್ಡರ್ ಆಗಿ ಮೇಜರ್ ಲೀಗ್‌ಗೆ ವಾಪಸ್ ಬಂದ. ಹಾಗಾಗಿ ಇದು ಸೋಮಾರಿತನವೂ ಅಲ್ಲ, ನಾಟಕವೂ ಅಲ್ಲ. ಎಡವಿದ ಕಾಲೇ ಮತ್ತೆ ಎಡವುವುದು ಅಂತಾರಲ್ಲ, ಹಾಗೆ. ತಾನಾಗಿ ಆಗಬೇಕಾದ ಕೆಲಸವನ್ನು ತಲೆ ಕಾವಲು ಕಾಯುವುದಕ್ಕೆ ಶುರು ಮಾಡಿರುತ್ತದೆ.

ನಾವು ಮಾಡಿದ್ದು ಇಷ್ಟು. ಮೊದಲು ಅವನ ಕೈ ಬಗ್ಗೆ ಮಾತಾಡುವುದನ್ನು ಎಲ್ಲರೂ ನಿಲ್ಲಿಸಿದೆವು. ‘ರಿಲ್ಯಾಕ್ಸ್ ಆಗು’ ಅನ್ನುವುದನ್ನೂ ಸೇರಿಸಿ. ಆಮೇಲೆ ಐದಡಿ ದೂರದ ನೆಟ್‌ಗೆ ಕಣ್ಣು ಮುಚ್ಚಿ ಎಸೆತ, ಗುರಿ ಇಲ್ಲ, ಸರಿ ತಪ್ಪು ಇಲ್ಲ. ನಂತರ ಎಸೆಯುವಾಗ ನನ್ನ ಜೊತೆ ಮಾತಾಡುತ್ತಿರಬೇಕು. ಮನೆಯಲ್ಲಿ ಏನು ಸಾರು, ಕಬ್ಬು ಕಡಿಯುವುದು ಯಾವಾಗ, ಆಲೆಮನೆಗೆ ಹಾಕ್ತೀರೋ ಫ್ಯಾಕ್ಟರಿಗೋ. ಬಾಯಿ ಬಿಜಿ ಆದರೆ ತಲೆ ಕೈಯನ್ನು ಬಿಡುತ್ತದೆ. ದೂರವನ್ನು ವಾರಕ್ಕೆ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿದೆವು. ಒಂದು ದಿನ ಕೆಟ್ಟರೆ ಎರಡು ಹೆಜ್ಜೆ ಹಿಂದೆ. ಮೂರು ತಿಂಗಳು ಹಿಡಿಯಿತು. ಇದೆಲ್ಲಕ್ಕೂ ಮೊದಲು, ತಂಡದ ಎದುರು ಅವನಲ್ಲಿ ಕ್ಷಮೆ ಕೇಳಿದೆ. ಕೂಗಿದ್ದು ಎಲ್ಲರ ಮುಂದೆ ತಾನೇ? ಕ್ಷಮೆಯನ್ನು ಮಾತ್ರ ಮೂಲೆಗೆ ಕರೆದು ಕೇಳಿದರೆ ನಡೆಯುವುದಿಲ್ಲ.

ನಿದ್ದೆ, ಊಟ ಕೆಡುವಷ್ಟು ಜಾಸ್ತಿ ಆಗಿದ್ದರೆ ನಿಮ್ಮ ಪ್ರಯೋಗ ನಿಲ್ಲಿಸಿ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ನೋಡಿ. ಅದು ಕೋಚ್ ಕೆಲಸ ಅಲ್ಲ.

ಹಂತ 7: ರಾತ್ರಿ ಐದು ನಿಮಿಷ

ಮಲಗುವ ಮೊದಲು ಕಣ್ಣು ಮುಚ್ಚಿ ನಾಳೆಯ ಒಂದು ಸರದಿ ಆಡಿ. ಸಿಕ್ಸರ್ ಹೊಡೆದ ಹಾಗೆ ಕನಸು ಕಾಣುವುದಲ್ಲ, ಅದು ಎಲ್ಲರೂ ಮಾಡುತ್ತಾರೆ. ಬ್ಯಾಟಿನ ಹಿಡಿಯಲ್ಲಿ ಸುತ್ತಿದ ಟೇಪು ಅಂಗೈಗೆ ಒತ್ತುವುದು, ಹೆಲ್ಮೆಟ್ ಒಳಗಿನ ಬೆವರಿನ ವಾಸನೆ, ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹೋಗುವ ಸದ್ದು, ಇವೆಲ್ಲ ಇರಬೇಕು. ಮೊದಲ ಚೆಂಡು ಸ್ಟ್ರೈಕ್ ಆಗಲಿ. ಹಿಂದೆ ಸರಿಯಿರಿ, ಮಣ್ಣು ಉದುರಿಸಿ, ಉಸಿರು, ಮತ್ತೆ ಒಳಗೆ. ತಪ್ಪಿನಿಂದ ಎದ್ದು ಬರುವುದನ್ನೂ ಕಲ್ಪಿಸಿಕೊಂಡರೆ ಮಾತ್ರ ಇದರಿಂದ ಉಪಯೋಗ. ಅರ್ಧದಲ್ಲಿ ನಿದ್ದೆ ಬಂದರೆ ಮಲಗಿ, ನಷ್ಟ ಏನಿಲ್ಲ.

ಹಂತ 8: ಅಭ್ಯಾಸದಲ್ಲೇ ಬೆವರು ಇಳಿಸಿ

ಸುಮ್ನೆ ಐವತ್ತು ಚೆಂಡು ಹೊಡೆಸಿದರೆ ಕೈಗೆ ವ್ಯಾಯಾಮ, ತಲೆಗೆ ರಜೆ. ಅಭ್ಯಾಸದ ಕೊನೇ ಇಪ್ಪತ್ತು ನಿಮಿಷ ನಾವು ಒಂದೇ ಆಟ ಆಡುತ್ತೇವೆ. ಎರಡು ಔಟ್ ಆಗಿದೆ, ಮೂರನೇ ಬೇಸ್‌ನಲ್ಲಿ ಓಟಗಾರ, ಮೂರು ಬಾಲ್ ಎರಡು ಸ್ಟ್ರೈಕ್. ಒಂದೇ ಎಸೆತ. ಬ್ಯಾಟರ್ ಗೆದ್ದರೆ ಫೀಲ್ಡಿಂಗ್ ತಂಡ ಸಾಮಾನು ಎತ್ತಿಡಬೇಕು, ಪಿಚರ್ ಗೆದ್ದರೆ ಬ್ಯಾಟಿಂಗ್ ತಂಡ. ಉಳಿದ ಎಲ್ಲರೂ ಬಾಯಿಗೆ ಬಂದಷ್ಟು ಗಲಾಟೆ ಮಾಡಬಹುದು, ಮನೆಯವರ ಸುದ್ದಿ ಮಾತ್ರ ಎತ್ತುವಂತಿಲ್ಲ. ಮೈದಾನದ ಪಕ್ಕ ವಾಕಿಂಗ್ ಬರುವ ಅಜ್ಜಂದಿರು ಈಗ ಈ ಇಪ್ಪತ್ತು ನಿಮಿಷಕ್ಕೇ ಸರಿಯಾಗಿ ಬಂದು ನಿಲ್ಲುತ್ತಾರೆ.

ಹಂತ 9: ಕೋಚ್‌ಗಳಿಗೆ

ಎಲ್ಲಕ್ಕಿಂತ ದೊಡ್ಡ ಸಮಸ್ಯೆ ನಮ್ಮ ಬಾಯಿ.

ಪಿಚರ್ ಒದ್ದಾಡುತ್ತಿರುವಾಗ ಮೌಂಡ್‌ಗೆ ಹೋಗುತ್ತೀರಿ. ಮೇಜರ್ ಲೀಗ್ ನಿಯಮದಲ್ಲಿ ಒಂದೇ ಇನ್ನಿಂಗ್ಸ್‌ನಲ್ಲಿ ಅದೇ ಪಿಚರ್ ಹತ್ತಿರ ಎರಡನೇ ಸಲ ಹೋದರೆ ಅವನನ್ನು ತೆಗೆಯಲೇಬೇಕು. ಅಂದರೆ ಆ ಒಂದು ಭೇಟಿ ಬಂಗಾರ. ಅದನ್ನು ‘ಸ್ಟ್ರೈಕ್ ಹಾಕೋ’ ಅನ್ನುವುದಕ್ಕೆ ಹಾಳುಮಾಡಬೇಡಿ. ಅವನಿಗೆ ಗೊತ್ತಿಲ್ವಾ? ನಡೆದುಕೊಂಡು ಹೋಗಿ, ಓಡಬೇಡಿ. ನೀವು ಓಡಿ ಬರುವುದನ್ನು ನೋಡಿದರೆ ಬೆಂಕಿ ಬಿದ್ದಿದೆ ಅಂತ ಅವನು ತಿಳಿಯುತ್ತಾನೆ. ಹೋಗಿ ಮೊದಲು ನೀವು ಉಸಿರು ಬಿಡಿ, ಅವನೂ ಬಿಡುತ್ತಾನೆ. ಮುಂದಿನ ಒಂದು ಎಸೆತದ ಬಗ್ಗೆ ಮಾತ್ರ ಒಂದು ಮಾತು: ‘ಕ್ಯಾಚರ್‌ನ ಎಡ ಮೊಣಕಾಲು ನೋಡಿ ಎಸಿ’. ವಾಪಸ್ ಬನ್ನಿ.

ಮ್ಯಾಚ್ ಸೋತ ತಕ್ಷಣ ಭಾಷಣ ಬೇಡ. ಅವತ್ತು ಎಲ್ಲರೂ ಮದ್ದೂರಿನಲ್ಲಿ ವಡೆ ತಿಂದು ಮನೆಗೆ ಹೋಗಲಿ, ಅಂದರೆ ನೀವು ಆ ಕಡೆಯಿಂದ ಬರುತ್ತಿದ್ದರೆ. ಮಾತು ಮರುದಿನ. ಆಗಲೂ ಮೊದಲು ಹುಡುಗನೇ ಹೇಳಲಿ, ನೋಟ್‌ಬುಕ್ ತೆರೆದು. ಅಪ್ಪಂದಿರಿಗೂ ಒಂದು ಮಾತು ಹೇಳಿಡಿ: ಮನೆಗೆ ಬಂದ ಮಗನಿಗೆ ‘ಎಷ್ಟು ಹೊಡ್ದೆ?’ ಅಂತ ಕೇಳಬೇಡಿ, ‘ಊಟ ಆಯ್ತಾ?’ ಅಂತ ಕೇಳಿ.

ಇನ್ನು ನಿಮ್ಮದೇ ಒಂದು ನೋಟ್‌ಬುಕ್. ನನ್ನದರಲ್ಲಿ ಒಂದೇ ಲೆಕ್ಕ ಇದೆ, ಮ್ಯಾಚ್‌ನಲ್ಲಿ ಎಷ್ಟು ಸಲ ಕೂಗಿದೆ ಅಂತ. ನಾನೇ ಬರೆದರೆ ಕಡಿಮೆ ಬರೆಯುತ್ತೇನೆ, ಹಾಗಾಗಿ ಸ್ಕೋರರ್ ಬರೆಯುತ್ತಾನೆ. ಆ ಸ್ಕೋರರ್ ಬೇರೆ ಯಾರೂ ಅಲ್ಲ, ಆ ಕ್ಯಾಚರ್ ಹುಡುಗನೇ, ಅವನಿಗೆ ಆಟ ಇಲ್ಲದ ದಿನ. ಕಳೆದ ಭಾನುವಾರ 11 ಬರೆದಿದ್ದ. ಒಂಬತ್ತು ಅಂತ ನಾನು ವಾದ ಮಾಡಿದೆ. ಅವನು ಪೇಂಟ್ ಡಬ್ಬ ತಂದು ನನ್ನ ಮುಂದಿಟ್ಟ.